1970ರ ಎಂಜಿಬಿಯಲ್ಲಿ ಸ್ಕಾಟ್ಲೆಂಡಿನ ನಾರ್ತ್ ಕೋಸ್ಟ್ 500: ಯೋಜನೆ ನೋಡಿ, ತಪ್ಪಿದ್ದರೆ ಈಗಲೇ ಹೇಳಿ

ತುಂಗಾ_ಟು_ಥೇಮ್ಸ್
ಗಾಡಿ: 1970ರ ಎಂಜಿಬಿ ರೋಡ್‌ಸ್ಟರ್, ಅಂದರೆ ಬಟ್ಟೆ ಚಾವಣಿಯ ಎರಡು ಸೀಟಿನ ಬ್ರಿಟಿಷ್ ಸ್ಪೋರ್ಟ್ಸ್ ಕಾರು, 1798 ಸಿಸಿ, ಜೋಡಿ ಎಸ್‌ಯು ಎಚ್‌ಎಸ್4 ಕಾರ್ಬುರೇಟರ್, ಓವರ್‌ಡ್ರೈವ್ (ವೇಗದಲ್ಲಿ ಇಂಜಿನ್ ಸುತ್ತು ಇಳಿಸುವ ಹೆಚ್ಚುವರಿ ಗೇರು) ಇದೆ, ತಂತಿಚಕ್ರ, ಸೀಟಿನ ಹಿಂದೆ ಎರಡು 6 ವೋಲ್ಟ್ ಬ್ಯಾಟರಿ. ಇಬ್ಬರು ಪ್ರಯಾಣಿಕರು.
ಯೋಜನೆ: ಜುಲೈ ಕೊನೆಯ ವಾರ. ಲಂಡನ್ನಿಂದ ಇನ್ವರ್ನೆಸ್‌ಗೆ ಒಂದೇ ದಿನ. ನಾರ್ತ್ ಕೋಸ್ಟ್ 500ರ (ಇನ್ವರ್ನೆಸ್‌ನಿಂದ ಹೊರಟು ಕರಾವಳಿ ಸುತ್ತಿ ಅಲ್ಲಿಗೇ ಮರಳುವ ದಾರಿ) 516 ಮೈಲಿ ಮೂರು ದಿನದಲ್ಲಿ. ವಾಪಸ್ ಒಂದು ದಿನ. ಹೊರಡುವ ಹಿಂದಿನ ವಾರಾಂತ್ಯ ಸರ್ವಿಸ್, ಆಗಲೇ ಎಲೆಕ್ಟ್ರಾನಿಕ್ ಇಗ್ನಿಷನ್ ಮತ್ತು ಹೊಸ ವಾಟರ್ ಪಂಪ್ ಹಾಕಿಸುವ ಯೋಚನೆ. ಸಾಧ್ಯವೇ?

ಒಂಟಿದಾರಿ
ಸಾಧ್ಯ, ಆದರೆ ಏನೂ ನೋಡಿದ ಹಾಗಾಗಲ್ಲ. 516 ಮೈಲಿ ಅನ್ನೋ ಅಂಕಿಯನ್ನು ಮೊದಲು ಮರೆತುಬಿಡಿ. ಪಶ್ಚಿಮ ಮತ್ತು ಉತ್ತರ ಕರಾವಳಿಯ ಸಾಕಷ್ಟು ಭಾಗ ಒಂದೇ ಗಾಡಿ ಹಿಡಿಸುವ ರಸ್ತೆ. ನಕ್ಷೆಯಲ್ಲಿ 60 ಮೈಲಿ ವೇಗಮಿತಿ ಇದ್ದರೂ ಕೈಗೆ ಸಿಗುವ ಸರಾಸರಿ ಗಂಟೆಗೆ 25ರಿಂದ 30. ಎದುರಿಂದ ಕ್ಯಾಂಪರ್‌ವ್ಯಾನ್ ಸಾಲು ಬಂದರೆ ಅದೂ ಇಲ್ಲ. ದಿನಕ್ಕೆ 80–90 ಮೈಲಿ ಇಟ್ಟುಕೊಳ್ಳಿ, ಜಾನ್ ಓ ಗ್ರೋಟ್ಸ್ ದಿನ ಒಂದನ್ನು ಬಿಟ್ಟು. ಅಂದರೆ ಸುತ್ತಿಗೇ ಆರರಿಂದ ಏಳು ದಿನ.

ಜುಲೈ ಬೇಡ. ಕಾರಣ ಒಂದು, ಜನ. ಕಾರಣ ಎರಡು, ಮಿಜ್. ನಮ್ಮ ನುಸಿಗಿಂತ ಚಿಕ್ಕದು, ಕಚ್ಚೋದರಲ್ಲಿ ದೊಡ್ಡಪ್ಪ. ಗಾಳಿ ಗಂಟೆಗೆ 7 ಮೈಲಿ ಮೇಲೆ ಬೀಸಿದರೆ ಅದು ಹಾರಲ್ಲ, ಹಾಗಾಗಿ ಓಡುವ ಗಾಡಿಯಲ್ಲಿ ಚಿಂತೆಯಿಲ್ಲ. ಬಾನೆಟ್ ಎತ್ತಿ ನಿಂತರೆ ಗೊತ್ತಾಗುತ್ತೆ. ಮೇ ತಿಂಗಳ ಎರಡನೇ, ಮೂರನೇ ವಾರ ಒಳ್ಳೆಯದು: ಬೆಳಕು ರಾತ್ರಿ ಒಂಬತ್ತೂವರೆವರೆಗೆ, ಮಿಜ್ ಇನ್ನೂ ಏಳುತ್ತಿರುತ್ತೆ, ಇತರ ತಿಂಗಳುಗಳಿಗೆ ಹೋಲಿಸಿದರೆ ಮಳೆಯೂ ಕಡಿಮೆ.

ಗ್ರೀಸ್_ಗನ್
ಯೋಜನೆಯಲ್ಲಿ ದೊಡ್ಡ ತಪ್ಪು ದಿನಗಳ ಲೆಕ್ಕ ಅಲ್ಲ, "ಹಿಂದಿನ ವಾರಾಂತ್ಯ ಸರ್ವಿಸ್". ಹಳೇ ಗಾಡಿ ದಾರಿಯಲ್ಲಿ ನಿಲ್ಲೋದು ಹೆಚ್ಚಾಗಿ ಮೊನ್ನೆ ಮೊನ್ನೆ ಮುಟ್ಟಿದ ಜಾಗದಿಂದಲೇ. ಹೊಸ ವಾಟರ್ ಪಂಪಿನ ಗ್ಯಾಸ್ಕೆಟ್ ಜಿನುಗುವುದು, ಹೊಸ ಹೋಸಿನ ಕ್ಲಿಪ್ ಬಿಸಿಯಾದ ಮೇಲೆ ಸಡಿಲವಾಗುವುದು, ಹೊಸ ರೋಟರ್ ಒಳಗೇ ಸುಟ್ಟುಹೋಗುವುದು, ಎಲ್ಲವೂ ಮೊದಲ 100–200 ಮೈಲಿಯಲ್ಲೇ ಬಯಲಾಗುತ್ತೆ. ಅದು ನಿಮ್ಮ ಮನೆ ಹತ್ತಿರ ಬಯಲಾಗಲಿ.

ಕೆಲಸವೆಲ್ಲ ಹೊರಡುವ ನಾಲ್ಕು ವಾರ ಮೊದಲು ಮುಗಿಸಿ. ಆಮೇಲೆ ಕನಿಷ್ಠ 300 ಮೈಲಿ ಓಡಿಸಿ: ಅದರಲ್ಲಿ ಒಂದೇ ಸಲಕ್ಕೆ ಎರಡು ಗಂಟೆ ಮೋಟರ್‌ವೇ, ಒಂದು ಕಡಿದಾದ ಏರು, ಅರ್ಧ ಗಂಟೆ ಟ್ರಾಫಿಕ್ ಜಾಮ್, ಒಂದು ರಾತ್ರಿ ಮಳೆಯಲ್ಲಿ ವೈಪರ್, ಹೀಟರ್, ಹೆಡ್‌ಲೈಟ್ ಮೂರೂ ಒಟ್ಟಿಗೆ. ಕೊನೆಯದನ್ನು ಯಾರೂ ಮಾಡಲ್ಲ, ಚಾರ್ಜಿಂಗ್ ಸೋತಿದೆಯಾ ಅಂತ ಹೇಳೋದು ಅದೊಂದೇ. ಆ 300 ಮೈಲಿ ಆದಮೇಲೆ ಸ್ಪ್ಯಾನರ್ ಮುಟ್ಟಬೇಡಿ. ಎಣ್ಣೆ, ನೀರು, ಗಾಳಿ ನೋಡಿ, ಅಷ್ಟೇ.

ಧಾರವಾಡ_ಡೈನಮೊ
ಗ್ರೀಸ್ ಗನ್ ಅವರು ಹೇಳಿದ್ದು ಖರೇ ಅದ. ಈಗ ಇಗ್ನಿಷನ್ ಮಾತಿಗೆ ಬರೂಣು. ಎಲೆಕ್ಟ್ರಾನಿಕ್ ಹಾಕ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಅದು ಸಾಯೂ ರೀತಿ ಬ್ಯಾರೆ. ಪಾಯಿಂಟ್ (ಸ್ಪಾರ್ಕಿನ ಕರೆಂಟು ಹಿಡಿದು ಬಿಡೂ ಹಳೇ ಪದ್ಧತಿ ಸ್ವಿಚ್ಚು) ಸವೀತಾವ, ಗಾಡಿ ಮಿಸ್ ಹೊಡೀತದ, ಎರಡು ದಿನ ಮೊದಲ ಹೇಳಿ ಹೋಗ್ತದ. ಎಲೆಕ್ಟ್ರಾನಿಕ್ ಮಾಡ್ಯೂಲ್ ಹೇಳಂಗಿಲ್ಲ, ಕೇಳಂಗಿಲ್ಲ, ಧಪ್ ಅಂತ ನಿಂತ್ರ ಮುಗೀತು. ಹಂಗಾಗಿ ಹಳೇ ಪಾಯಿಂಟ್ ಸೆಟ್ಟು ಕಂಡೆನ್ಸರ್ ಸಮೇತ ಬೇಸ್‌ಪ್ಲೇಟ್ ಮ್ಯಾಲೇ ಕೂಡಿಸಿ, ಗ್ಯಾಪ್ 0.38 ಮಿಲಿಮೀಟರ್ ಇಟ್ಟು, ಡಬ್ಬಿಯೊಳಗ ಇಟ್ಕೊಳ್ರಿ. ರಸ್ತೆ ಬದೀಗೆ ಹತ್ತು ನಿಮಿಷದ ಕೆಲಸ.

ಕಂಡೆನ್ಸರ್ ಮಾತ್ರ ಹೊಚ್ಚಹೊಸಾದು ನಂಬಬ್ಯಾಡ್ರಿ. ಈಗ ಬರೂವು ಬಿಸಿಯಾದ್ರ ಸಾಕು ಕೈಕೊಡ್ತಾವ: ತಂಪಿದ್ದಾಗ ಗಾಡಿ ಚಾಲೂ ಆಗ್ತದ, 20 ನಿಮಿಷಕ್ಕ ಬಂದ್ ಬೀಳ್ತದ, ತಣ್ಣಗಾದ ಮ್ಯಾಲೆ ಮತ್ತ ಚಾಲೂ. ಜನ ಪೆಟ್ರೋಲ್ ಪಂಪ್ ಬಿಚ್ಚತಾರ, ಕಾರ್ಬುರೇಟರ್ ಬಿಚ್ಚತಾರ, ಕಂಡೆನ್ಸರ್ ಕಡೆ ಯಾರೂ ಹೊಳ್ಳಿ ನೋಡೂದಿಲ್ಲ. 200 ಮೈಲಿ ಓಡಿಸಿ ಪಾಸಾದದ್ದನ್ನ ಬಿಚ್ಚಿ ಸ್ಪೇರ್ ಮಾಡ್ಕೊಳ್ರಿ. ರೋಟರ್ ಆರ್ಮೂ ಹಂಗ: ಹಿತ್ತಾಳಿ ಪಟ್ಟಿಗೆ ರಿವೆಟ್ ಹೊಡೆದಿರೂ ಕರೀದು ಬ್ಯಾಡ, ರಿವೆಟ್ ಇಲ್ಲದ ಕೆಂಪು ರೋಟರ್ ತರ್ರಿ. ರಿವೆಟ್ಟಿನ ಬುಡದಿಂದ ಸ್ಪಾರ್ಕ್ ಒಳಗಿನ ಶಾಫ್ಟಿಗೆ ಹಾರತದ, ಅದಕ್ಕ ಸುಡ್ತಾವ.

ತುಂಗಾ_ಟು_ಥೇಮ್ಸ್
ಸರಿ, ಮೇ ತಿಂಗಳಿಗೆ ಬದಲಿಸಿದೆ, ಒಟ್ಟು 12 ದಿನ. ಎರಡು ಬ್ಯಾಟರಿ ತೆಗೆದು ಒಂದೇ 12 ವೋಲ್ಟಿನದ್ದು ಹಾಕಿಸಬೇಕಾ?

ಧಾರವಾಡ_ಡೈನಮೊ
ಎರಡೂ ಚಲೋ ಇದ್ರ ಯಾಕ? ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ಒಂದೊಂದರ ಮ್ಯಾಲೆ ಮೀಟರ್ ಇಡ್ರಿ. ಎರಡೂ ಸುಮಾರು 6.3 ತೋರಿಸಬೇಕು. ಒಂದು 0.2 ಕಡಿಮಿ ಇದ್ರ ಎರಡನ್ನೂ ಬದಲಿ ಮಾಡ್ರಿ, ಸರಣಿಯೊಳಗ ಒಂದು ಹಳೇದು ಒಂದು ಹೊಸಾದು ಬ್ಯಾಡ. ಅದಕ್ಕಿಂತ ಮುಖ್ಯ, ಬ್ಯಾಟರಿ ತೊಟ್ಟಿಲು. ತಳಕ್ಕ ತುಕ್ಕು ತಿಂದಿರ್ತದ, ಸ್ಕ್ರೂಡ್ರೈವರ್ ಒತ್ತಿದ್ರ ಒಳಗ ಹೋಗ್ತದ. ಸ್ಕಾಟ್ಲೆಂಡಿನ ಕ್ಯಾಟಲ್ ಗ್ರಿಡ್ (ದನ ದಾಟದಂಗ ರಸ್ತೆಗೆ ಹಾಸಿದ ಕಬ್ಬಿಣದ ಸರಳು) ಮ್ಯಾಲೆ ಬ್ಯಾಟರಿ ರಸ್ತೆಗೆ ಬಿದ್ದೀತು.

ಇಂಜಿನ್ನಿನ ಅರ್ತ್ ಪಟ್ಟಿನೂ ನೋಡ್ರಿ. ಅದು ಸಡಿಲಿದ್ರ ಸ್ಟಾರ್ಟರಿನ ಕರೆಂಟು ಚೋಕ್ ಕೇಬಲ್ಲು, ಆಕ್ಸಲರೇಟರ್ ಕೇಬಲ್ಲು ಹಿಡಿದು ವಾಪಸ್ ಹೋಗ್ತದ. ಸ್ಟಾರ್ಟ್ ಹೊಡೆದಾಗ ಚೋಕ್ ಗುಂಡಿ ಬಿಸಿ ಆತಂದ್ರ ಅದೇ ಕಾರಣ.

ಎಸ್‌ಯು_ಸೂಜಿ
ಪೆಟ್ರೋಲ್ ಕುರಿತು, ಏಕೆಂದರೆ ಇದನ್ನು ಹೊರಡುವ ದಿನದವರೆಗೂ ಯಾರೂ ಯೋಚಿಸುವುದಿಲ್ಲ.

ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಪೆಟ್ರೋಲ್ ಇ10. ಅಂದರೆ ಶೇ 10ರವರೆಗೆ ಎಥನಾಲ್. ನಿಮ್ಮ ಇಂಜಿನ್ನಿಗೆ ಬೇಕಾದದ್ದು ಇ5 ಸೂಪರ್, 97 ಅಥವಾ ಅದಕ್ಕಿಂತ ಹೆಚ್ಚಿನ ಆಕ್ಟೇನ್. ಇದು ಎಥನಾಲ್ ಭಯಕ್ಕಷ್ಟೇ ಅಲ್ಲ, 8.8 ಅನುಪಾತದ ಕಂಪ್ರೆಷನ್ 95ರಲ್ಲಿ ಏರಿನಲ್ಲಿ ನಾಕ್ ಹೊಡೆಯುತ್ತದೆ. ಹಳ್ಳಿಯ ಒಂಟಿ ಪಂಪುಗಳಲ್ಲಿ ಸೂಪರ್ ಸಿಗುವ ಭರವಸೆ ಇಲ್ಲ. ಹೀಗಾಗಿ ಇನ್ವರ್ನೆಸ್, ವಿಕ್, ಥರ್ಸೋದಂಥ ಊರುಗಳ ದೊಡ್ಡ ಪಂಪುಗಳಲ್ಲಿ ಟ್ಯಾಂಕು ಭರ್ತಿ ಮಾಡಿ, ನಡುವೆ ಸಿಕ್ಕಿದ್ದನ್ನು ಹತ್ತು ಲೀಟರ್ ಮಾತ್ರ ಹಾಕಿ. ಒಂದು ಟ್ಯಾಂಕು ಇ10 ಓಡಿಸಿದರೆ ಏನೂ ಆಗುವುದಿಲ್ಲ. ಹಾನಿ ಆಗುವುದು ಅದನ್ನು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ. ಹೆಡ್ಡಿನಲ್ಲಿ ಗಟ್ಟಿ ಎಕ್ಸಾಸ್ಟ್ ವಾಲ್ವ್ ಸೀಟು ಹಾಕಿಲ್ಲದಿದ್ದರೆ ಸೀಸಕ್ಕೆ ಬದಲಿಯಾದ ಸೇರ್ಪಡೆಯ ಬಾಟಲಿಯೂ ಜೊತೆಗಿರಲಿ. ಮೋಟರ್‌ವೇಯಲ್ಲಿ ಗಂಟೆಗಟ್ಟಲೆ ಓಡುವುದೇ ಸೀಟು ತಿನ್ನುವ ಕೆಲಸ.

ಟ್ಯಾಂಕು 12 ಗ್ಯಾಲನ್, ಸುಮಾರು 54 ಲೀಟರ್. ಗ್ಯಾಲನ್ನಿಗೆ 25–28 ಮೈಲಿ. ಕಾಗದದ ಮೇಲೆ 300 ಮೈಲಿ ಬರುತ್ತದೆ. ಗೇಜನ್ನು ನಂಬದೆ 200ಕ್ಕೆ ತುಂಬಿಸಿ. ಭಾನುವಾರ ಸಂಜೆ ಕೆಲವು ಪಂಪು ಮುಚ್ಚಿರುತ್ತವೆ. ಆಪಲ್‌ಕ್ರಾಸ್‌ನಲ್ಲಿ ಊರವರೇ ನಡೆಸುವ ಪಂಪಿದೆ, ಆಳಿಲ್ಲ, ಕಾರ್ಡ್ ಹಾಕಿ ನೀವೇ ತುಂಬಿಕೊಳ್ಳಬೇಕು.

ಪೆಟ್ರೋಲ್ ಹೋಸುಗಳ ಮೇಲೆ ಆರ್9 (ಎಥನಾಲ್ ತಾಳುವ ಹೋಸಿನ ಗುರುತು) ಎಂದು ಅಚ್ಚಾಗಿದೆಯೇ ನೋಡಿ. ಇಲ್ಲದಿದ್ದರೆ ಎಲ್ಲವನ್ನೂ ಬದಲಿಸಿ. ಹಳೆಯ ರಬ್ಬರ್ ಎಥನಾಲಿಗೆ ಒಳಗಿನಿಂದ ಉದುರುತ್ತದೆ. ಆ ಕಪ್ಪು ಪುಡಿ ಕಾರ್ಬುರೇಟರಿಗೆ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲಿನ ಕೆಳಗೆ ಕೂತು ಓವರ್‌ಫ್ಲೋ ಕೊಳವೆಯಿಂದ ಪೆಟ್ರೋಲ್ ಸುರಿಯುತ್ತದೆ, ಸರಿಯಾಗಿ ಎಕ್ಸಾಸ್ಟಿನ ಪಕ್ಕಕ್ಕೆ. ಹಾಗಾದಾಗ ಇಂಜಿನ್ ನಿಲ್ಲಿಸಿ, ಸ್ಕ್ರೂಡ್ರೈವರಿನ ಹಿಡಿಯಿಂದ ಫ್ಲೋಟ್ ಬೌಲಿಗೆ ಎರಡು ತಟ್ಟು ತಟ್ಟಿ. ಎಷ್ಟೋ ಸಲ ಅಷ್ಟೇ ಸಾಕು. ಬೆಂಕಿ ಆರಿಸುವ ಸಿಲಿಂಡರ್ ಬೂಟಿನಲ್ಲಿ (ಡಿಕ್ಕಿಯಲ್ಲಿ) ಅಲ್ಲ, ಸೀಟಿನ ಕೈಗೆ ಸಿಗುವಲ್ಲಿ ಇರಲಿ.

ಗ್ರೀಸ್_ಗನ್
ಎಸ್‌ಯು ಪೆಟ್ರೋಲ್ ಪಂಪಿನ (ಗಾಡಿಯೊಳಗಿನದ್ದು) ಟಿಕ್‌ಟಿಕ್ ಕಿವಿಗೆ ಅಭ್ಯಾಸ ಮಾಡ್ಕೊಳ್ಳಿ. ಕೀ ತಿರುಗಿಸಿದಾಗ ಹತ್ತಾರು ಸಲ ಟಿಕ್ ಅಂದು ನಿಲ್ಲಬೇಕು. ನಿಲ್ಲದೆ ಜೋರಾಗಿ ಹೊಡೀತಾ ಇದ್ದರೆ ಪೆಟ್ರೋಲ್ ಖಾಲಿ, ಇಲ್ಲಾ ಎಲ್ಲೋ ಗಾಳಿ ಎಳೀತಿದೆ. ಇಂಜಿನ್ ನಿಂತಿದ್ದಾಗ ಕೆಲವು ಸೆಕೆಂಡಿಗೊಮ್ಮೆ ಒಂದು ಟಿಕ್ ಬಂದರೆ ಫ್ಲೋಟ್ ನೀಡಲ್ ಸೋರ್ತಿದೆ. ಸದ್ದೇ ಇಲ್ಲದಿದ್ದರೆ ಪಂಪಿನೊಳಗಿನ ಪಾಯಿಂಟ್ ಅಂಟಿದೆ. ಹಿಂದಿನ ಬಲಚಕ್ರದ ಮುಂಭಾಗಕ್ಕೆ, ಗಾಡಿ ಅಡಿಯಲ್ಲಿ, ಬ್ಯಾಟರಿ ಪೆಟ್ಟಿಗೆ ಪಕ್ಕದಲ್ಲಿದೆ ಪಂಪ್. ಒಂದು ಏಟು ಕೊಟ್ಟರೆ ಏಳುತ್ತೆ. ಒಮ್ಮೆ ಹಾಗೆ ಎದ್ದದ್ದು ಮತ್ತೆ ಮಲಗುತ್ತೆ, ಇನ್ವರ್ನೆಸ್ ಬಿಡೋ ಮೊದಲೇ ಬದಲಿಸಿ.

ಬೆಣ್ಣೆ_ಗೇರು
ಕಾಗದಪತ್ರದ ಮಾತು ಯಾರೂ ಎತ್ತಿಲ್ಲ. ಲಂಡನ್ನಿಂದ ಹೊರಟು ವಾಪಸ್ ಎಷ್ಟು ಮೈಲಿ? ಹೋಗುವಾಗ 570, ಸುತ್ತು 516, ಅಡ್ಡದಾರಿ 150, ಬರುವಾಗ 570. ಒಟ್ಟು 1,806. ಅದರ ಮೇಲೆ ಪರೀಕ್ಷೆಯ 300. ಕ್ಲಾಸಿಕ್ ಇನ್ಶೂರೆನ್ಸಿನಲ್ಲಿ ವರ್ಷಕ್ಕೆ 1,500 ಮೈಲಿ, 3,000 ಮೈಲಿ ಅಂತ ಮಿತಿ ಇರುತ್ತೆ. ನಿಮ್ಮದು 1,500ರದ್ದಾದರೆ ಸ್ಕಾಟ್ಲೆಂಡಿನಿಂದ ವಾಪಸ್ ಹೊರಡುವ ಮೊದಲೇ ಮಿತಿ ದಾಟಿರುತ್ತೆ. ಹೊರಡುವ ಮೊದಲೇ ಫೋನ್ ಮಾಡಿ ಹೆಚ್ಚಿಸಿಕೊಳ್ಳಿ. ಗಾಡಿಯ ಬೆಲೆ "ಒಪ್ಪಿದ ಮೌಲ್ಯ"ವೋ "ಮಾರುಕಟ್ಟೆ ಮೌಲ್ಯ"ವೋ ಅದನ್ನೂ ಕೇಳಿ.

ಬ್ರೇಕ್‌ಡೌನ್ ಕವರ್‌ನಲ್ಲಿ ಮೂರು ಪ್ರಶ್ನೆ: ಗಾಡಿಯ ವಯಸ್ಸಿಗೆ ಮಿತಿ ಇದೆಯಾ, ಹತ್ತಿರದ ಗ್ಯಾರೇಜಿಗೋ ಮನೆತನಕವೋ, ತಂತಿಚಕ್ರದ ತಗ್ಗು ಗಾಡಿಗೆ ಫ್ಲ್ಯಾಟ್‌ಬೆಡ್ ಕಳಿಸ್ತಾರಾ. ಎರಡನೆಯದು ಅತಿ ಮುಖ್ಯ. ವಾಯವ್ಯ ತುದಿಯ ಡರ್ನೆಸ್ ಹಳ್ಳಿಯಲ್ಲಿ ನಿಂತರೆ "ಹತ್ತಿರದ ಗ್ಯಾರೇಜ್" ಅಂದರೆ ಏನು ಅಂತ ನಕ್ಷೆ ನೋಡಿ.

40 ವರ್ಷ ದಾಟಿದ ಗಾಡಿಗೆ ರಸ್ತೆ ತೆರಿಗೆ ಇಲ್ಲ. 2018ರ ಮೇ 20ರಿಂದ ಎಂಒಟಿ ಪರೀಕ್ಷೆಯೂ (ವರ್ಷಕ್ಕೊಮ್ಮೆಯ ಗಾಡಿ ಸುರಕ್ಷತಾ ತಪಾಸಣೆ) ಕಡ್ಡಾಯವಲ್ಲ, ದೊಡ್ಡ ಮಾರ್ಪಾಡು ಮಾಡಿಲ್ಲದಿದ್ದರೆ. ಕಡ್ಡಾಯವಲ್ಲ ಅಂದರೆ ಮಾಡಿಸಬೇಡಿ ಅಂತಲ್ಲ. ಗಾಡಿಯ ಅಡಿಗೆ ಬೆಳಕು ಹಿಡಿದು ನೋಡುವ ಎರಡನೇ ಜೊತೆ ಕಣ್ಣು ಅಷ್ಟು ಅಗ್ಗಕ್ಕೆ ಬೇರೆಲ್ಲೂ ಸಿಗಲ್ಲ. ಲಂಡನ್ನಿನ ಯುಲೆಜ್ ಶುಲ್ಕದಿಂದಲೂ (ಹೆಚ್ಚು ಹೊಗೆ ಬಿಡುವ ಗಾಡಿಗಳಿಗೆ ಹಾಕುವುದು) ವಿನಾಯಿತಿ ಇದೆ, ಆದರೆ ನೋಂದಣಿ ಪತ್ರದಲ್ಲಿ ತೆರಿಗೆ ವರ್ಗ "ಹಿಸ್ಟಾರಿಕ್" ಅಂತ ಬದಲಾಗಿರಬೇಕು. ವಯಸ್ಸಾದ ಮಾತ್ರಕ್ಕೆ ತಾನಾಗಿ ಆಗಲ್ಲ, ಅರ್ಜಿ ಕೊಡಬೇಕು.

ಮಲೆನಾಡ_ಮಳೆ
ಬೆಂಗಳೂರಿಂದ ಬಂದವರು ಅಲ್ಲೇ ಬಾಡಿಗೆಗೆ ಎಂಜಿಬಿ ಹಿಡಿದು ಹೋಗಬಹುದಾ? ನಮ್ಮ ಲೈಸೆನ್ಸ್ ನಡೆಯುತ್ತಾ?

ಬೆಣ್ಣೆ_ಗೇರು
ಪ್ರವಾಸಕ್ಕೆ ಬಂದವರು ಭಾರತದ ಲೈಸೆನ್ಸಿನಲ್ಲಿ 12 ತಿಂಗಳವರೆಗೆ ಕಾರು ಓಡಿಸಬಹುದು. ಲೈಸೆನ್ಸ್ ನಡೆದರೂ ಬಾಡಿಗೆಯವರ ಇನ್ಶೂರೆನ್ಸ್ ಒಪ್ಪಬೇಕಲ್ಲ. ವಯಸ್ಸು, ಎಷ್ಟು ವರ್ಷದ ಅನುಭವ, ಎಲ್ಲ ಕೇಳ್ತಾರೆ. ಬುಕ್ ಮಾಡುವ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಊರಲ್ಲೇ ಹಳೇ ಗಾಡಿ ಇಟ್ಟುಕೊಂಡು ಇಂಥ ಪ್ರವಾಸ ಮಾಡುವ ಆಸೆ ಇದ್ದರೆ ಒಂದು ಮಾತು: 50 ವರ್ಷ ದಾಟಿದ ಗಾಡಿಯನ್ನು 2021ರ ನಿಯಮದಡಿ ವಿಂಟೇಜ್ ಅಂತ, ವಿಎ ಅಕ್ಷರದ ನಂಬರ್ ಫಲಕದೊಂದಿಗೆ ನೋಂದಾಯಿಸಿದರೆ ಅದನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸೋದು ಇಂಥವಕ್ಕಷ್ಟೇ.

ಒಂಟಿದಾರಿ
ಈಗ ದಾರಿ. ಲಂಡನ್–ಇನ್ವರ್ನೆಸ್ ಒಂದೇ ದಿನ ಬೇಡವೇ ಬೇಡ. ಓವರ್‌ಡ್ರೈವ್ ಹಾಕಿದರೂ 70 ಮೈಲಿ ವೇಗಕ್ಕೆ ಇಂಜಿನ್ ನಿಮಿಷಕ್ಕೆ 3,200 ಸುತ್ತು, ಹಾಕದಿದ್ದರೆ 3,900. ಹನ್ನೆರಡು ಗಂಟೆ ಆ ಸದ್ದು ಕೇಳಿದ ಮೇಲೆ ಮರುದಿನ ಇಬ್ಬರಿಗೂ ಯಾವ ಬೆಟ್ಟವೂ ಬೇಡ. 60ರಲ್ಲಿ ಹೋಗಿ, ಎರಡು ದಿನ ಮಾಡಿ.

ಮೊದಲ ದಿನ ಎ1 ಹಿಡಿದು ಕಾರ್ಬ್ರಿಜ್ ಆಸುಪಾಸು ರಾತ್ರಿ ತಂಗಿ. ಎರಡನೇ ದಿನ ಎ68ರಲ್ಲಿ ಕಾರ್ಟರ್ ಬಾರ್ ಬಳಿ ಗಡಿ ದಾಟಿ, ಎಡಿನ್‌ಬರೋ ಪಕ್ಕದಲ್ಲಿ ಕ್ವೀನ್ಸ್‌ಫೆರಿ ಸೇತುವೆ, ಪರ್ತ್. ಅಲ್ಲಿಂದ ಎಲ್ಲರೂ ಎ9 ಹಿಡೀತಾರೆ: 2014ರಿಂದ ಡನ್‌ಬ್ಲೇನ್‌ನಿಂದ ಇನ್ವರ್ನೆಸ್‌ವರೆಗೂ ಸರಾಸರಿ ವೇಗದ ಕ್ಯಾಮೆರಾ, ಲಾರಿ ಹಿಂದೆ ಲಾರಿ. ನೀವು ಎ93 ಹಿಡೀರಿ. ಬ್ಲೇರ್‌ಗೌರಿ, ಗ್ಲೆನ್‌ಶೀ, 670 ಮೀಟರಿನ ಕೇರ್ನ್‌ವೆಲ್ ಕಣಿವೆದಾರಿ. ಬ್ರಿಟನ್ನಿನ ಮುಖ್ಯ ರಸ್ತೆಗಳಲ್ಲಿ ಅತಿ ಎತ್ತರದ್ದು ಅದೇ. ಬ್ರೇಮಾರ್ ದಾಟಿ ಎ939ರಲ್ಲಿ ಲೆಕ್ಟ್, ಟೊಮಿಂಟೌಲ್, ಗ್ರಾಂಟೌನ್, ಇನ್ವರ್ನೆಸ್. ಸಮಯ ಹೆಚ್ಚು ಹಿಡಿಯುತ್ತೆ, ಆದರೆ ಈ ಗಾಡಿ ಹುಟ್ಟಿದ್ದೇ ಇಂಥ ರಸ್ತೆಗೆ. ಜೊತೆಗೆ ಇದು ಆಪಲ್‌ಕ್ರಾಸ್ ಹಳ್ಳಿಗೆ ಹೋಗುವ ಕಡಿದಾದ ಕಣಿವೆದಾರಿ ಬೆಲಾಹ್ ನ ಬಾಗೆ ಮೊದಲಿನ ತಾಲೀಮು. ಲೆಕ್ಟ್ ಏರುವಾಗ ಟೆಂಪರೇಚರ್ ಮುಳ್ಳು ಎಲ್ಲಿ ನಿಲ್ಲುತ್ತೆ ನೋಡಿ. ಅಲ್ಲೇ ಕುದಿಯುವ ಗಾಡಿ ಆಪಲ್‌ಕ್ರಾಸ್ ಹತ್ತಲ್ಲ.

ತುಂಗಾ_ಟು_ಥೇಮ್ಸ್
ಸುತ್ತು ಪ್ರದಕ್ಷಿಣೆಯೋ ಅಪ್ರದಕ್ಷಿಣೆಯೋ? ಬೆಲಾಹ್ ನ ಬಾ ಮೊದಲು ಬರಬೇಕಾ ಕೊನೆಗಾ?

ಒಂಟಿದಾರಿ
ಪ್ರದಕ್ಷಿಣೆ. ಪಶ್ಚಿಮಕ್ಕೆ ಹೋಗಿ ಉತ್ತರಕ್ಕೆ ಏರಿ. ಎಡಬದಿಯಲ್ಲಿ ಓಡಿಸುವ ದೇಶ, ಹಾಗಾಗಿ ಸಮುದ್ರ ಉದ್ದಕ್ಕೂ ನಿಮ್ಮ ಬದಿಗೇ ಇರುತ್ತೆ, ಪಕ್ಕದ ಸೀಟಿನವರಿಗೆ ಅಡ್ಡಿಯೇ ಇಲ್ಲ. ಟಾರ್ನಪ್ರೆಸ್ ಕಡೆಯಿಂದ ಹತ್ತಿದರೆ ಹೇರ್‌ಪಿನ್ ತಿರುವುಗಳೆಲ್ಲ ಏರಿನಲ್ಲಿ ಸಿಗ್ತವೆ, ಆಪಲ್‌ಕ್ರಾಸ್ ಕಡೆಯ ಇಳಿಜಾರು ಅಷ್ಟು ಕಡಿದಲ್ಲ. ಬ್ರೇಕಿಗೆ ಹಗುರ.

ಗ್ರೀಸ್_ಗನ್
ಒಪ್ಪಲ್ಲ. ಎರಡೂ ಕಡೆ ಸಮುದ್ರ ಮಟ್ಟದಿಂದಲೇ 626 ಮೀಟರ್ ಹತ್ತಬೇಕು, ಇಳೀಬೇಕು. ಹಳೇ ಗಾಡಿಗೆ ಅಪ್ರದಕ್ಷಿಣೆಯೇ ಸರಿ. ಮೊದಲ ದಿನ ಪೂರ್ವ ಕರಾವಳಿ: ಅಗಲ ರಸ್ತೆ, ಹಳ್ಳಿಗೊಂದು ಪಂಪು, ಡಾರ್ನಾಕ್, ಹೆಲ್ಮ್‌ಸ್‌ಡೇಲ್, ವಿಕ್. ಏನಾದರೂ ಕೈಕೊಡೋದಿದ್ದರೆ ಅಲ್ಲಿ ಕೊಡಲಿ, ಇನ್ವರ್ನೆಸ್ಸಿನ ಬಿಡಿಭಾಗದ ಅಂಗಡಿ ಒಂದೆರಡು ಗಂಟೆ ದೂರ. ಕಷ್ಟದ ಪಶ್ಚಿಮಕ್ಕೆ ಹೋಗೋ ಹೊತ್ತಿಗೆ ಗಾಡಿ ಪಾಸಾಗಿರುತ್ತೆ. ಪ್ರದಕ್ಷಿಣೆ ಹೋದರೆ 600 ಮೈಲಿ ಓಡಿ ಬಂದ ಮಾರನೇ ದಿನವೇ 5ಕ್ಕೆ 1ರ ಏರು.

ಒಂಟಿದಾರಿ
ಕೂಲಿಂಗ್ ಸೋತ ಗಾಡಿಗೆ ನಿಮ್ಮ ವಾದ, ಬ್ರೇಕ್ ಸೋತ ಗಾಡಿಗೆ ನನ್ನ ವಾದ. ಎಂಜಿಬಿಯ ಮುಂದೆ ಡಿಸ್ಕ್ ಇದೆ ಅಂತ ನಿಮಗೆ ಒಂದು ಅಂಕ ಬಿಟ್ಟುಕೊಡ್ತೀನಿ.

ಗ್ರೀಸ್_ಗನ್
ಡಿಸ್ಕ್ ಇದ್ದರೂ ಹಿಂದಿನ ಡ್ರಮ್ ಹೊಂದಿಸಿರಬೇಕು, ಅದನ್ನು ಯಾರೂ ಮಾಡಲ್ಲ. ಬ್ಯಾಕ್‌ಪ್ಲೇಟಿನ ಚೌಕ ಅಡ್ಜಸ್ಟರನ್ನು ಚಕ್ರ ಲಾಕ್ ಆಗುವವರೆಗೆ ಬಿಗಿಸಿ, ಒಂದೊಂದೇ ಕ್ಲಿಕ್ ಹಿಂದೆ ತನ್ನಿ, ಚಕ್ರ ಸರಾಗ ತಿರುಗಿದ ತಕ್ಷಣ ನಿಲ್ಲಿಸಿ. ಬ್ರೇಕ್ ದ್ರವ ಎರಡು ವರ್ಷ ದಾಟಿದ್ದರೆ ಪೂರ್ತಿ ಬದಲಿಸಿ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯೋದು. ನೀರು ಹೀರಿಕೊಂಡ ಮೇಲೆ 155ಕ್ಕೆ ಇಳಿಯಬಹುದು. ಇಳಿಜಾರಿನ ನಡುವೆ ಪೆಡಲ್ ಸ್ಪಂಜಿನ ಹಾಗಾದರೆ ಕಾರಣ ಅದೇ.

ಇಳಿಯೋ ಕ್ರಮ ಆಗುಂಬೆ ಘಾಟಿಯದ್ದೇ, 14 ತಿರುವು ಇಳಿದವರಿಗೆ ಹೇಳಬೇಕಿಲ್ಲ: ಹತ್ತಿದ ಗೇರಲ್ಲೇ ಇಳೀರಿ. ಎರಡನೇ ಗೇರು, ಹೇರ್‌ಪಿನ್ನಿಗೆ ಒಂದನೇದು. ಬ್ರೇಕ್ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ಸವರಿಕೊಂಡೇ ಇಳಿಯಬೇಡಿ. ಓವರ್‌ಡ್ರೈವ್ ಸ್ವಿಚ್ ಮೇಲೆ ಹೊರಡುವ ಮೊದಲೇ ಆಫ್.

ಎಸ್‌ಯು_ಸೂಜಿ
ಶಿಖರದಲ್ಲಿ ಎಲ್ಲರೂ ಫೋಟೊಗೆ ನಿಲ್ಲುತ್ತಾರೆ. ಹತ್ತಿ ಬಂದ ಕೂಡಲೇ ಇಂಜಿನ್ ಆರಿಸಬೇಡಿ, ಒಂದೆರಡು ನಿಮಿಷ ನಿಧಾನಕ್ಕೆ ಓಡಲಿ. ತಟ್ಟನೆ ಆರಿಸಿದರೆ ಫ್ಯಾನೂ ನಿಲ್ಲುತ್ತದೆ, ನೀರಿನ ಹರಿವೂ ನಿಲ್ಲುತ್ತದೆ. ಎಕ್ಸಾಸ್ಟಿನ ಕಾವು ನೇರ ಮೇಲಿನ ಕಾರ್ಬುರೇಟರಿಗೆ ಏರಿ ಬೌಲಿನ ಪೆಟ್ರೋಲ್ ಕುದಿಯುತ್ತದೆ. ಆಮೇಲೆ ಸ್ಟಾರ್ಟ್ ಆಗದು, ಸ್ಟಾರ್ಟ್ ಆದರೂ ಮುಗ್ಗರಿಸುತ್ತದೆ. ಹಾಗಾದರೆ ಬಾನೆಟ್ ತೆರೆದು 15 ನಿಮಿಷ ಬಿಟ್ಟು, ಚೋಕ್ ಮುಟ್ಟದೆ, ಆಕ್ಸಲರೇಟರ್ ಅರ್ಧ ಒತ್ತಿ ಸ್ಟಾರ್ಟ್ ಮಾಡಿ. ಕಾರ್ಬುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವಿನ ಉಷ್ಣತಡೆ ತಗಡು ಜಾಗದಲ್ಲಿದೆಯೇ ಈಗಲೇ ನೋಡಿ. ಹಳೆಯ ರಿಪೇರಿಗಳಲ್ಲಿ ಅದು ಕಾಣೆಯಾಗಿರುವುದು ಸಾಮಾನ್ಯ.

ಒಂಟಿದಾರಿ
ಬೆಲಾಹ್ ನ ಬಾ ಅಂದರೆ ಗೇಲಿಕ್ ಭಾಷೆಯಲ್ಲಿ ದನಗಳ ಕಣಿವೆದಾರಿ. ಯಾವ ದಿಕ್ಕಾದರೂ ಬೆಳಿಗ್ಗೆ ಏಳಕ್ಕೆ ಹತ್ತಿ. ಹತ್ತು ಗಂಟೆ ಮೇಲೆ ಎದುರು ಗಾಡಿಗಳಿಗಾಗಿ ಏರಿನಲ್ಲಿ ನಿಂತು, ಹಿಂದೆ ಸರಿದು, ಮತ್ತೆ ಹೊರಟು ಕ್ಲಚ್ ಸುಟ್ಟ ವಾಸನೆ ಬರುತ್ತೆ. ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು. ಮೋಡ ಕವಿದಿದ್ದರೆ, ಅಥವಾ ಬ್ರೇಕ್ ವಾಸನೆ ಬಂದಿದ್ದರೆ, ಶೀಲ್ಡೇಗ್‌ನಿಂದ ಆಪಲ್‌ಕ್ರಾಸ್‌ಗೆ ಕರಾವಳಿ ರಸ್ತೆ ಇದೆ, 1970ರ ದಶಕದಲ್ಲಿ ಆದದ್ದು. ಅದರಲ್ಲೇ ಹೋಗಿ ಅದರಲ್ಲೇ ಬನ್ನಿ, ಯಾರೂ ನಗಲ್ಲ.

ಪಾಸಿಂಗ್ ಪ್ಲೇಸ್ (ದಾರಿ ಬಿಡಲು ರಸ್ತೆ ಅಗಲಿಸಿದ ಜಾಗ) ಎಡಕ್ಕಿದ್ದರೆ ಒಳಗೆ ಹೋಗಿ, ಬಲಕ್ಕಿದ್ದರೆ ಅದರ ಎದುರಿಗೆ ರಸ್ತೆಯಲ್ಲೇ ನಿಂತು ಎದುರಿನವರು ಸುತ್ತಿ ಹೋಗಲಿ. ಬಲಕ್ಕೆ ನುಗ್ಗಬೇಡಿ. ಹಿಂದೆ ಬಂದ ಸ್ಥಳೀಯರಿಗೂ ಅದರಲ್ಲೇ ದಾರಿ ಬಿಡಿ, ಅವರು ಕೆಲಸಕ್ಕೆ ಹೋಗೋರು. ಅಲ್ಲಿ ಗಾಡಿ ನಿಲ್ಲಿಸಿ ಚಿತ್ರಾನ್ನದ ಡಬ್ಬಿ ತೆಗೆಯೋದು ಮಹಾಪಾಪ. ಹುಲ್ಲಿನ ಅಂಚಿಗೂ ಇಳಿಸಬೇಡಿ. ಅಡಿಯ ನೆಲ ಮೆತ್ತಗಿರುತ್ತೆ, ತಗ್ಗು ಗಾಡಿಯ ಎಕ್ಸಾಸ್ಟ್ ಮೊದಲು ತಾಗುತ್ತೆ.

ತುಂಗಾ_ಟು_ಥೇಮ್ಸ್
ಅಪ್ರದಕ್ಷಿಣೆ ಅಂತ ತೀರ್ಮಾನಿಸಿದೆ. ದಿನಗಳನ್ನು ಹೀಗೆ ಹಂಚಿದ್ದೇನೆ: ಇನ್ವರ್ನೆಸ್–ಜಾನ್ ಓ ಗ್ರೋಟ್ಸ್ 120 ಮೈಲಿ, ಅಲ್ಲಿಂದ ಡರ್ನೆಸ್ 93, ಡರ್ನೆಸ್–ಲಾಕಿನ್ವರ್ 60, ಲಾಕಿನ್ವರ್–ಉಲ್ಲಾಪೂಲ್ 36, ಉಲ್ಲಾಪೂಲ್–ಟೊರಿಡನ್ 86, ಟೊರಿಡನ್–ಆಪಲ್‌ಕ್ರಾಸ್ 33, ಆಪಲ್‌ಕ್ರಾಸ್–ಇನ್ವರ್ನೆಸ್ 81.

ಒಂಟಿದಾರಿ
ಚೆನ್ನಾಗಿದೆ. ಜಾನ್ ಓ ಗ್ರೋಟ್ಸ್ ಫಲಕದ ಮುಂದೆ ಹೊತ್ತು ಕಳೀಬೇಡಿ, ಬ್ರಿಟನ್ ಮುಖ್ಯಭೂಮಿಯ ಉತ್ತರದ ತುದಿ ಅದಲ್ಲ, ಡನೆಟ್ ಹೆಡ್. ಮುಂದಿನ ದಾರಿಯಲ್ಲೇ ಅಡ್ಡ ತಿರುಗಿದರೆ ಸಿಗುತ್ತೆ. ಕೇಪ್ ರಾತ್‌ಗೆ ಗಾಡಿ ಹೋಗಲ್ಲ, ದೋಣಿ ದಾಟಿ ಮಿನಿಬಸ್ ಹಿಡೀಬೇಕು.

ಮೂರನೇ ದಿನದ 60 ಮೈಲಿ ಕಡಿಮೆ ಅನ್ನಿಸುತ್ತೆ. ಕೈಲೆಸ್ಕು ಸೇತುವೆ (1984ರದ್ದು, ಬಾಗಿಕೊಂಡೇ ದಾಟುತ್ತೆ) ಆದಮೇಲೆ ಬಿ869 ಡ್ರಮ್‌ಬೆಗ್ ದಾರಿ ಹಿಡಿದರೆ ಆ ಇಪ್ಪತ್ತು ಚಿಲ್ಲರೆ ಮೈಲಿಗೆ ಎರಡು ಗಂಟೆ ಬೇಕು. 4ಕ್ಕೆ 1ರ ದಿಬ್ಬಗಳು, ಹತ್ತಿದ ಮೇಲೆ ಬಾನೆಟ್ ಬಿಟ್ಟು ಮುಂದೆ ಏನೂ ಕಾಣಲ್ಲ. ನನ್ನ ಲೆಕ್ಕದಲ್ಲಿ ಇಡೀ ಸುತ್ತಿನಲ್ಲಿ ಈ ಗಾಡಿಗೆ ಹೇಳಿ ಮಾಡಿಸಿದ ತುಂಡು ಇದೇ. ಬೆಲಾಹ್ ನ ಬಾ ಹೆಸರಿಗೆ, ಡ್ರಮ್‌ಬೆಗ್ ಸ್ಟಿಯರಿಂಗಿಗೆ. ಉಲ್ಲಾಪೂಲ್ ಆಚೆ ಎ832ರ ಒಂದು ಭಾಗಕ್ಕೆ ಡೆಸ್ಟಿಟ್ಯೂಷನ್ ರೋಡ್ ಅಂತ ಹೆಸರು: 1840ರ ದಶಕದ ಆಲೂಗಡ್ಡೆ ಬರಗಾಲದಲ್ಲಿ ಊಟಕ್ಕೆ ಬದಲಾಗಿ ಕೂಲಿ ಮಾಡಿಸಿ ಕಟ್ಟಿಸಿದ್ದು. ನಮ್ಮ ಬರಗಾಲದ ಕಾಮಗಾರಿಗಳ ಹಾಗೇ.

ಸಂಜೆ ಜಿಂಕೆ ರಸ್ತೆಗೆ ಇಳಿಯುತ್ತವೆ, ನಿಮ್ಮ ಹೆಡ್‌ಲೈಟು ಈಗಿನ ಗಾಡಿಗಳದ್ದಲ್ಲ; ಕತ್ತಲಿಗೆ ಮೊದಲೇ ತಂಗುದಾಣ ಸೇರಿ. ಕುಡಿದು ಓಡಿಸುವ ಮಿತಿ 2014ರ ಡಿಸೆಂಬರ್‌ನಿಂದ ಸ್ಕಾಟ್ಲೆಂಡಿನಲ್ಲಿ 100 ಮಿಲಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ, ಇಂಗ್ಲೆಂಡಿನಲ್ಲಿ 80. ರಾತ್ರಿಯ ವಿಸ್ಕಿ ಬೆಳಿಗ್ಗೆ ಏಳರ ಏರಿಗೆ ಬಾಕಿ ಉಳಿದಿರಬಹುದು.

ಗ್ರೀಸ್_ಗನ್
ಚಕ್ರ, ಟಯರು. 165 ಅಗಲದ 14 ಇಂಚಿನ ರೇಡಿಯಲ್‌ಗೆ ಮುಂದೆ 21 ಪಿಎಸ್ಐ, ಹಿಂದೆ 24. ಸಾಮಾನು ತುಂಬಿದರೆ ಹಿಂದೆ ಇನ್ನೆರಡು. ಪೆಟ್ರೋಲ್ ಬಂಕಿನ ಹುಡುಗರು 32 ಹಾಕಿ ಕೊಡ್ತಾರೆ, ಆಗ ಗಾಡಿ ಕಪ್ಪೆ ಥರ ಕುಪ್ಪಳಿಸುತ್ತೆ. ಟಯರಿನ ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿ ಓದಿ: 2319 ಅಂದರೆ 2019ರ 23ನೇ ವಾರ. ಹತ್ತು ವರ್ಷ ದಾಟಿದ್ದರೆ ಟಯರಿನ ಗೀರು ಎಷ್ಟೇ ಆಳ ಇರಲಿ, ಬೇಡ. ತಂತಿಚಕ್ರಕ್ಕೆ ಟ್ಯೂಬ್ ಬೇಕು, ಸ್ಪೇರ್ ಟ್ಯೂಬ್ ಒಂದು ಇಟ್ಟುಕೊಳ್ಳಿ, ಹಳ್ಳಿಯಲ್ಲಿ ಸಿಗಲ್ಲ.

ಕಡ್ಡಿಗಳನ್ನು ಪೆನ್ಸಿಲ್‌ನಿಂದ ಒಂದೊಂದಾಗಿ ಮೀಟಿ. ವೀಣೆ ತಂತಿ ಥರ ಟಿಂಗ್ ಅಂದರೆ ಸರಿ, ಡಬ್ ಅಂದರೆ ಸಡಿಲ. ಹಬ್ಬಿನ ಸ್ಪ್ಲೈನಿಗೆ ಗ್ರೀಸ್. ನಡುವಿನ ನಟ್ಟಿನ ಥ್ರೆಡ್ ಎಡಕ್ಕೂ ಬಲಕ್ಕೂ ಬೇರೆ, ಬಿಚ್ಚುವ ದಿಕ್ಕು ಅದರ ಮೇಲೇ ಬರೆದಿರುತ್ತೆ. ಅದಲುಬದಲಾದರೆ ಓಡ್ತಾ ಓಡ್ತಾ ಬಿಚ್ಚಿಕೊಳ್ಳುತ್ತೆ. ಹಾಕಿದ 50 ಮೈಲಿಗೆ ಮತ್ತೆ ಸುತ್ತಿಗೆ ಏಟು. ತಾಮ್ರದ್ದೋ ಸೀಸದ್ದೋ ಸುತ್ತಿಗೆ ಬೂಟಿನಲ್ಲಿ ಇದೆಯಾ? ಇಲ್ಲದಿದ್ದರೆ ಸ್ಪೇರ್ ಚಕ್ರ ಇದ್ದೂ ಇಲ್ಲ.

ಕಿಂಗ್‌ಪಿನ್ನಿಗೆ (ಮುಂಚಕ್ರ ತಿರುಗುವ ಕೀಲು) ಬದಿಗೆ ಮೂರು ಗ್ರೀಸ್ ನಿಪ್ಪಲ್. ಭಾರ ಇಳಿಸಿ, ಅಂದರೆ ಚಕ್ರ ಎತ್ತಿ, ಹೊಡೀರಿ. ಪ್ರಾಪೆಲರ್ ಶಾಫ್ಟಿನದ್ದು ಮರೀಬೇಡಿ. ಇಂಜಿನ್ನಿಗೆ 20ಡಬ್ಲ್ಯು50 ಎಣ್ಣೆ. ಗೇರ್‌ಬಾಕ್ಸಿಗೂ ಓವರ್‌ಡ್ರೈವಿಗೂ ಅದೇ ಎಣ್ಣೆ, ಸುಮಾರು 3.4 ಲೀಟರ್. ಅಲ್ಲಿಗೆ ಹೈಪಾಯಿಡ್ ಗೇರ್ ಆಯಿಲ್ ಹಾಕಿದರೆ ಓವರ್‌ಡ್ರೈವ್ ಹಿಡಿಯೋದು ಬಿಡುತ್ತೆ. ಹಿಂದಿನ ಆಕ್ಸಲಿಗೆ ಮಾತ್ರ ಇಪಿ90. ಟ್ಯಾಪೆಟ್ ಗ್ಯಾಪ್ ತಣ್ಣಗಿದ್ದಾಗ 0.38 ಮಿಲಿಮೀಟರ್. ಸವೆದ ಇಂಜಿನ್ 1,000 ಮೈಲಿಗೆ ಒಂದು ಲೀಟರ್ ಕುಡಿದರೆ ಹೆದರಬೇಡಿ, ದಿನಾ ಬೆಳಿಗ್ಗೆ ಕಡ್ಡಿ ಎಳೆದು ನೋಡಿ. ಬಿಸಿಯಾಗಿ ಓಡುವಾಗ ಎಣ್ಣೆ ಒತ್ತಡ 50ರ ಮೇಲಿರಬೇಕು.

ತುಂಗಾ_ಟು_ಥೇಮ್ಸ್
ಸ್ಪೇರ್ ಏನೇನು, ಎಲ್ಲಿಡೋದು? ಬೂಟಿನಲ್ಲಿ ಸ್ಪೇರ್ ಚಕ್ರವೇ ಅರ್ಧ ಜಾಗ ತಿಂದಿದೆ.

ಧಾರವಾಡ_ಡೈನಮೊ
ಒಂದು ಬಿಸ್ಕತ್ತಿನ ಡಬ್ಬಿ ಸಾಕ್ರಿ: ಪಾಯಿಂಟ್ ಪ್ಲೇಟು, ರೋಟರ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ಎರಡು ಪ್ಲಗ್ಗು (ಗ್ಯಾಪ್ 0.64 ಮಿಲಿಮೀಟರ್), ಎಲ್ಲಕ್ಕಿಂತ ಉದ್ದಂದು ಒಂದು ಎಚ್‌ಟಿ ವೈರು (ಪ್ಲಗ್ಗಿಗೆ ಹೋಗೂದು), ಗಾಜಿನ ಫ್ಯೂಸ್ 35 ಆಂಪಿಂದು ನಾಲ್ಕು, ಬುಲೆಟ್ ಕನೆಕ್ಟರ್, ಎರಡು ಮೀಟರ್ ವೈರು, ಬಲ್ಬು. ಫ್ಯೂಸ್ ಹಾರಿದಾಗ ಸಿಗರೇಟಿನ ಬೆಳ್ಳಿ ಹಾಳಿ ಸುತ್ತೂ ಚಟ ಬ್ಯಾಡ, ಆ ಮ್ಯಾಲೆ ವೈರೇ ಫ್ಯೂಸ್ ಆಗ್ತದ.

ಗ್ರೀಸ್_ಗನ್
ಅದರ ಜೊತೆ ಫ್ಯಾನ್ ಬೆಲ್ಟ್, ಮೇಲಿನ ಕೆಳಗಿನ ಹೋಸ್, ಆಕ್ಸಲರೇಟರ್ ಕೇಬಲ್, ಒಂದು ಮೀಟರ್ ಆರ್9 ಹೋಸು, ಕ್ಲಿಪ್, ಅರ್ಧ ಲೀಟರ್ ಡಾಟ್ 4, ಕ್ಲಚ್ ಸ್ಲೇವ್ ಸಿಲಿಂಡರಿನ ಸೀಲು, ಎರಡು ಲೀಟರ್ ಎಣ್ಣೆ, ಐದು ಲೀಟರ್ ನೀರು. ಸ್ಪ್ಯಾನರ್ ಇಂಚಿನ ಅಳತೆಯವು: 7/16, 1/2, 9/16, 5/8. ಮೆಟ್ರಿಕ್ ಸೆಟ್ ಒಯ್ದರೆ 13 ಮಿಲಿಮೀಟರಿನದ್ದು 1/2ಕ್ಕೆ, 16ರದ್ದು 5/8ಕ್ಕೆ ಹೊಂದೀತು, ಉಳಿದವು ನಟ್ಟಿನ ಮೂಲೆ ತಿನ್ನುತ್ತವೆ.

ಜಾಗದ ಬಗ್ಗೆ: ಬಟ್ಟೆ ಮೆತ್ತನೆ ಚೀಲದಲ್ಲಿ ಸ್ಪೇರ್ ಚಕ್ರದ ಸುತ್ತ. ಭಾರದ್ದು ಸೀಟಿನ ಹಿಂದೆ, ಆದರೆ ಬ್ಯಾಟರಿ ಮುಚ್ಚಳ ಅಲ್ಲೇ ಇದೆ; ಎರಡೇ ನಿಮಿಷದಲ್ಲಿ ಎತ್ತಿ ತೆಗೆಯುವ ಹಾಗೆ ಜೋಡಿಸಿ. ಸುತ್ತಿಗೆ, ಜಾಕ್ ಎಲ್ಲಕ್ಕಿಂತ ಮೇಲೆ, ಅವಲಕ್ಕಿ ಡಬ್ಬಿಯ ಅಡಿಯಲ್ಲಲ್ಲ.

ಮಲೆನಾಡ_ಮಳೆ
ಹುಡ್ (ಬಟ್ಟೆ ಚಾವಣಿ) ತೆಗೆದು ಓಡಿಸುವಾಗ ಮಳೆ ಬಂದರೆ?

ಒಂಟಿದಾರಿ
50ರ ಮೇಲೆ ಓಡ್ತಿದ್ದರೆ ಸಣ್ಣ ಮಳೆ ತಲೆ ಮೇಲಿಂದ ಹಾರಿಹೋಗುತ್ತೆ. ಒಂಟಿ ರಸ್ತೆಯಲ್ಲಿ ಆ ವೇಗ ಎಲ್ಲಿ ಬಂತು, ನೆನೀತೀರಿ. ಹುಡ್ ಹಾಕೋದನ್ನು ಮನೆಯಲ್ಲೇ ಐದು ಸಲ ಅಭ್ಯಾಸ ಮಾಡಿ, ಎರಡು ನಿಮಿಷಕ್ಕೆ ಇಳಿಸಿ. ಮುಂದಿನ ಅಂಚನ್ನು ಮೊದಲು ಕೊಂಡಿಗೆ ಸಿಗಿಸಿ, ಆಮೇಲೆ ಪಕ್ಕದ ಗುಂಡಿಗಳು. ಮಳೆಯಲ್ಲಿ ಬಟ್ಟೆ ಕುಗ್ಗಿರುತ್ತೆ, ತಿರುವುಮುರುವು ಮಾಡಿದರೆ ಮುಂದಕ್ಕೆ ಎಟುಕಲ್ಲ. ಒದ್ದೆ ಹುಡ್ಡನ್ನು ಮಡಚಿ ಇಡಬೇಡಿ; ಹಿಂದಿನ ಪ್ಲಾಸ್ಟಿಕ್ ಕಿಟಕಿ ಮಡಿಕೆಗೆ ಬಿಳಿಗಟ್ಟುತ್ತೆ. ಮಡಚಲೇಬೇಕಾದರೆ ನಡುವೆ ಹಳೇ ಪಂಚೆ ಇಡಿ.